ಗುಲಾಬಿ ಗಿಟಾರಿನ ಸುಟ್ಟ ಕಲೆ

ಓಫೀಲಿಯಮ್ಮನಿಗೆ ಕೊಳೆ ಕಂಡರೆ ಆಗುವುದಿಲ್ಲ. ಅದು ಕೊಳೆಯಲ್ಲ, ಇತಿಹಾಸ ಎಂದು ಯಾರಾದರೂ ಆಕೆಗೆ ಮೊದಲೇ ಹೇಳಿದ್ದರೆ ವೆಂಡೆಲ್‌ನ ಹುಬ್ಬುಗಳಾದರೂ ಉಳಿಯುತ್ತಿದ್ದವು.

ರಿಸೀಡಾ ಬಡಾವಣೆಯ ಆ ಬೀದಿಯಲ್ಲಿ ವೆಂಡೆಲ್ ಮತ್ತು ಅವನ ಹೆಂಡತಿ ಡಾರ್ಲಾ ಇದ್ದದ್ದು ಅವಳ ಅಣ್ಣ ರಸ್ಟಿಯ ಹಿತ್ತಲ ಮನೆಯಲ್ಲಿ, ಪುಕ್ಕಟೆಯಾಗಿ. ಪುಕ್ಕಟೆ ಎಂದರೆ ವೆಂಡೆಲ್ ಬಾವನ ಈಜುಕೊಳ ತೊಳೆಯಬೇಕು, ನಾಯಿಯನ್ನು ಸುತ್ತಾಡಿಸಬೇಕು, ಬಾವ ಹೇಳುವ ಹಳೆಯ ಕತೆಗಳನ್ನು ಮೊದಲ ಸಲ ಕೇಳಿದವನಂತೆ ಕಣ್ಣರಳಿಸಿ ಕೇಳಬೇಕು. ಎಂಬತ್ತರ ದಶಕದಲ್ಲಿ ಸನ್‌ಸೆಟ್ ಬೀದಿಯ ಕ್ಲಬ್ಬುಗಳಲ್ಲಿ ಗಿಟಾರ್ ನುಡಿಸಿ ಹೆಸರು ಮಾಡಿದವನು ರಸ್ಟಿ. ಈಗ ಅವನಿಗೆ ಉಳಿದಿದ್ದುದು ಹೆಸರು, ಒಂದಿಷ್ಟು ಕೂದಲು ಮತ್ತು ಆ ಗಿಟಾರ್.

ಗಿಟಾರ್ ಅಂದರೆ ಅಂತಿಂಥದ್ದಲ್ಲ. ಶ್ರೆಡ್ಡಿಂಗಿಗೆಂದೇ, ಅಂದರೆ ಕೇಳುವವರ ಉಸಿರು ಕಟ್ಟುವಷ್ಟು ವೇಗದಲ್ಲಿ ಸ್ವರಗಳನ್ನು ಉದುರಿಸುವುದಕ್ಕೆಂದೇ, ಬರ್‌ಬ್ಯಾಂಕಿನ ಒಬ್ಬ ಬಡಗಿ ಕೈಯಾರೆ ಮಾಡಿದ ಬೆರಳೆಣಿಕೆಯ ಗಿಟಾರುಗಳಲ್ಲಿ ಅದೂ ಒಂದು. ತೆಳ್ಳನೆಯ ಕತ್ತು, ಚೂಪು ಕೊಂಬು, ತಲೆಯಿಂದ ಬುಡದವರೆಗೆ ಕಣ್ಣು ಕುಕ್ಕುವ ಗುಲಾಬಿ. ಆದರೆ ಅದಕ್ಕೆ ಖ್ಯಾತಿ ಬಂದಿದ್ದು ತಂತಿ ಬಿಗಿಯುವ ಗೂಟಗಳಿರುವ ಅದರ ತಲೆಯ ಮೇಲಿನ ಒಂದು ಸುಟ್ಟ ಕಲೆಯಿಂದ. ಹಚ್ಚಿದ ಸಿಗರೇಟನ್ನು ತಲೆಯ ಬಳಿ ತಂತಿಗಳ ತುದಿಗೆ ಸಿಕ್ಕಿಸಿ ನುಡಿಸುವುದು ಆಗಿನವರ ಶೋಕಿ. ಒಂದು ರಾತ್ರಿ ರಸ್ಟಿ ನುಡಿಸುತ್ತ ಎಷ್ಟು ಮೈಮರೆತನೆಂದರೆ ಸಿಗರೇಟು ಮುಗಿದು ಮರ ಸುಟ್ಟು ಹೊಗೆ ಎದ್ದರೂ ಅವನ ಬೆರಳು ನಿಲ್ಲಲಿಲ್ಲವಂತೆ. ಈ ಕತೆ ಕೇಳಿಯೇ ಒಂದು ಮ್ಯೂಸಿಯಂನವರು ಗಿಟಾರನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಒಪ್ಪಿದ್ದರು. ನಾಳೆ ಬೆಳಿಗ್ಗೆ ಬರುವವರಿದ್ದರು.

ಅಭಿಮಾನಿಗಳ ಕೂಟವೊಂದಕ್ಕೆ ಸ್ಯಾನ್ ಡಿಯಾಗೋಗೆ ಹೋಗಿದ್ದ ರಸ್ಟಿ ಇವತ್ತು ಸಂಜೆಗೆ ವಾಪಸು. ಹೋಗುವಾಗ ಗಿಟಾರನ್ನು ವೆಂಡೆಲ್‌ಗೆ ಒಪ್ಪಿಸಿ, "ಒಂದು ಗೀರು ಬಿದ್ರೂ ಬೇರೆ ಮನೆ ನೋಡ್ಕೋ," ಎಂದು ನಕ್ಕಿದ್ದ. ಬಾವ ನಗುತ್ತ ಹೇಳಿದ್ದನ್ನೇ ಮಾಡಿ ತೋರಿಸುವವನೆಂದು ವೆಂಡೆಲ್‌ಗೆ ಗೊತ್ತಿತ್ತು. ಎರಡು ರಾತ್ರಿ ಗಿಟಾರನ್ನು ಮಂಚದ ಮೇಲೆ ಮಲಗಿಸಿ ತಾನು ನೆಲದ ಮೇಲೆ ಮಲಗಿದ್ದ.

ಬೆಳಿಗ್ಗೆ ಅದನ್ನು ಒರೆಸಿ ಮೇಜಿನ ಮೇಲಿಟ್ಟು, ಹೊಸ ತಂತಿ ತರಲು ಅಂಗಡಿಗೆ ಹೋದ. ಸೆಕೆಗೆ ಬಾಗಿಲು ತೆರೆದೇ ಇತ್ತು. ಮನೆಯಲ್ಲೇ ಉಗುರು ಅಲಂಕಾರದ ಕೆಲಸ ಮಾಡುವ ಪಕ್ಕದ ಮನೆ ಓಫೀಲಿಯಮ್ಮ ಬಿಸಿ ತಮಾಲೆ ಕಡುಬು ಕೊಡಲು ಬಂದು ಗಿಟಾರನ್ನು ನೋಡಿದರು. ಇಷ್ಟು ಚೆಂದದ ಗುಲಾಬಿಯ ಮೇಲೆ ಇಂಥ ಕರಿ ಮಚ್ಚೆಯೇ ಎಂದು ಅವರ ಕರುಳು ಚುರ್ರೆಂದಿತು.

ವೆಂಡೆಲ್ ಹಿಂತಿರುಗುವ ಹೊತ್ತಿಗೆ ಕೆಲಸ ಮುಗಿದಿತ್ತು. ಕರಿಯನ್ನು ಉಗುರಿನ ಅರದಿಂದ ಉಜ್ಜಿ, ಗುಳಿಯನ್ನು ಉಗುರು ಬಣ್ಣದಿಂದ ತುಂಬಿ, ಬಣ್ಣ ಗಟ್ಟಿಮಾಡುವ ದೀಪದ ಕೆಳಗೆ ಒಣಗಿಸಿ, ಹೊಳಪು ಕೊಟ್ಟಾಗಿತ್ತು. ಎಲ್ಲಿ ಕಲೆಯಿತ್ತೆಂದು ಭೂತಗನ್ನಡಿ ಹಿಡಿದರೂ ತಿಳಿಯುವಂತಿರಲಿಲ್ಲ.

"ನೋಡು ಮಗ, ಈಗ ತಾನೇ ಹುಟ್ಟಿದಂಗಿದೆ," ಎಂದರು ಓಫೀಲಿಯಮ್ಮ.

ವೆಂಡೆಲ್‌ನ ಕೈಯಿಂದ ತಂತಿಯ ಪೊಟ್ಟಣ ಜಾರಿತು. ಆ ಕಲೆಗಾಗಿಯೇ ಮ್ಯೂಸಿಯಂನವರು ನಾಳೆ ಬರುವುದೆಂದು ಹೇಳಿದ. ವಿಷಯ ತಿಳಿದಾಗ ಓಫೀಲಿಯಮ್ಮ ಎದೆಯ ಮೇಲೆ ಶಿಲುಬೆ ಎಳೆದುಕೊಂಡು, ಆರ್ಸೆನ್‌ನನ್ನು ಕರೆಯಲು ಓಡಿದರು. ಎದುರುಮನೆಯ ಆರ್ಸೆನ್ ಗುದ್ದಿಸಿಕೊಂಡ ಕಾರುಗಳಿಗೆ ಬಣ್ಣ ಹೊಡೆಯುವವನು. ಕೇಳದಿದ್ದರೂ ಸಲಹೆ ಕೊಡುವವನು, ಈಗಂತೂ ಕೇಳಿದ್ದರು.

"ಇದೇನ್ ಗುರು ದೊಡ್ಡ ವಿಷ್ಯ. ಗ್ಯಾಸ್ ಟಾರ್ಚ್ ತರ್ತೀನಿ, ಒಂದೇ ಸಲ ಸುಟ್ಟುಬಿಡೋಣ," ಎಂದ ಆರ್ಸೆನ್.

ವೆಂಡೆಲ್ ಗಿಟಾರನ್ನು ಅಪ್ಪಿಕೊಂಡ. ಟಾರ್ಚ್ ಸುಟ್ಟ ಕಲೆಯೇ ಬೇರೆ, ಸಿಗರೇಟು ಸುಟ್ಟ ಕಲೆಯೇ ಬೇರೆ. ಮ್ಯೂಸಿಯಂನವರು ಮೂಸಿ ಹೇಳುತ್ತಾರೆ. ಸಿಗರೇಟಿನ ಕಲೆ ಸಿಗರೇಟಿನಿಂದಲೇ ಆಗಬೇಕು, ಅದೇ ಜಾಗದಲ್ಲಿ, ಅದೇ ತಂತಿಗೆ ಸಿಕ್ಕಿಸಿಯೇ ಆಗಬೇಕು ಎಂದು ಹಟ ಹಿಡಿದ. ಹಳೆಯ ಗಿಟಾರಿನ ಜನರೆಲ್ಲ ಹೀಗೆಯೇ. ಮನೆ ಹೋಗುತ್ತದೆಂದರೂ ಅವರಿಗೆ ಅಸಲಿಯೇ ಬೇಕು.

ಆದರೆ ಸಿಗರೇಟು ಎಲ್ಲಿಂದ ಬರಬೇಕು? ಡಾರ್ಲಾಗೆ ಮಾತು ಕೊಟ್ಟು ವೆಂಡೆಲ್ ಯಾವತ್ತೋ ಬಿಟ್ಟಿದ್ದ. ಆರ್ಸೆನ್ ಸೇದುತ್ತಿದ್ದುದು ಕಲ್ಲಂಗಡಿ ವಾಸನೆಯ ಇ-ಸಿಗರೇಟಿನ ಬ್ಯಾಟರಿ ಕೊಳವೆ. ಬೀದಿಯುದ್ದಕ್ಕೂ ಬಾಗಿಲು ತಟ್ಟಿದರು. ಒಬ್ಬರು ಚಟ ಬಿಡಿಸಲು ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿ ಕೊಡಲು ಬಂದರು, ಇನ್ನೊಬ್ಬರು ವೆಂಡೆಲ್‌ನನ್ನು ಒಳಗೆ ಕೂರಿಸಿ ಶ್ವಾಸಕೋಶದ ಬಗ್ಗೆ ಉಪದೇಶ ಮಾಡಿದರು. ಕೊನೆಗೆ ಪೆಟ್ರೋಲ್ ಬಂಕಿನ ಅಂಗಡಿಯಿಂದ ಒಂದು ಪ್ಯಾಕ್ ತರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಇತ್ತ ಓಫೀಲಿಯಮ್ಮ ತಾನು ತುಂಬಿದ್ದ ಬಣ್ಣದ ಮೇಲೆ ಉಗುರು ಬಣ್ಣ ತೆಗೆಯುವ ರಿಮೂವರಿನ ಹತ್ತಿ ಇಟ್ಟು, ಬೆರಳಿಗೆ ಸುತ್ತುವಂತೆ ಬೆಳ್ಳಿ ಕಾಗದ ಸುತ್ತಿ, ಕಣ್ಣೊರೆಸಿಕೊಳ್ಳುತ್ತ ಅದನ್ನು ಕಿತ್ತು ತೆಗೆದಿದ್ದರು.

ಸಿಗರೇಟು ಸಿಕ್ಕಿಸಿ ಹಚ್ಚಿದರು. ಅದು ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಈಗಿನ ಸಿಗರೇಟು ಎಳೆಯದಿದ್ದರೆ ತಾನಾಗಿ ಆರುತ್ತದೆ, ಬೆಂಕಿ ಅನಾಹುತ ತಪ್ಪಿಸಲು ಸರ್ಕಾರದ ನಿಯಮ ಎಂದು ಆರ್ಸೆನ್ ವಿವರಿಸಿದ. ಬೇರೆ ದಾರಿಯಿಲ್ಲದೆ ವೆಂಡೆಲ್ ಮಂಡಿಯೂರಿ ಕುಳಿತು, ಗಿಟಾರಿನ ತಲೆಗೆ ತುಟಿಯಿಟ್ಟು ಸಿಗರೇಟು ಎಳೆಯತೊಡಗಿದ.

ಡಾರ್ಲಾ ಕೆಲಸದಿಂದ ಬಂದಿದ್ದು ಆಗಲೇ. ಬಾಗಿಲಲ್ಲಿ ನಿಂತು, ಗಿಟಾರಿಗೆ ಮುತ್ತಿಡುತ್ತ ಹೊಗೆ ಬಿಡುತ್ತಿದ್ದ ಗಂಡನನ್ನು ನೋಡಿದಳು.

"ಮಾತು ಕೊಟ್ಟಿದ್ದೆ ನೀನು," ಎಂದಳು.

ವೆಂಡೆಲ್ ಗಾಬರಿಯಲ್ಲಿ ಉತ್ತರಿಸಲು ಹೋಗಿ ಕೆಮ್ಮಿದ. ಕಿಡಿ ಹಾರಿತು. ಮರ ಹೀರಿಕೊಂಡಿದ್ದ ರಿಮೂವರ್ ಭಗ್ಗೆಂದಿತು. ಆರ್ಸೆನ್ ಕೈಗೆ ಸಿಕ್ಕ ಕಾಫಿಯನ್ನು ಸುರಿದು ಬೆಂಕಿ ಆರಿಸುವಷ್ಟರಲ್ಲಿ ವೆಂಡೆಲ್‌ನ ಎರಡೂ ಹುಬ್ಬು ಹೋಗಿದ್ದವು.

ಎಲ್ಲರೂ ಬಗ್ಗಿ ನೋಡಿದರು. ಕಲೆ ಬಂದಿತ್ತು. ಮೊದಲಿಗಿಂತ ತುಸು ದೊಡ್ಡದು, ಸಾಕಷ್ಟು ಆಳ, ಆದರೆ ಕಾಫಿಯ ದೆಸೆಯಿಂದ ಎಷ್ಟೋ ಕಾಲದ ಹಿಂದಿನದರಂತೆ ಕಾಣುತ್ತಿತ್ತು. ವೆಂಡೆಲ್‌ಗೆ ಅಳು ಬಂತು, ಸಮಾಧಾನದ ಅಳು. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುವಾಗ ಹೊರಗೆ ರಸ್ಟಿಯ ಕಾರು ನಿಂತಿತು.

ರಸ್ಟಿಯ ಮುಖ ಬಾಡಿತ್ತು. ತಂಗಿಯನ್ನು ಮಾತಾಡಿಸಲಿಲ್ಲ, ಅವಳ ಗಂಡನ ಹುಬ್ಬು ಎಲ್ಲಿ ಎಂದೂ ಕೇಳಲಿಲ್ಲ. ಸೋಫಾದ ಮೇಲೆ ಕುಸಿದು, ತಲೆ ತಗ್ಗಿಸಿಕೊಂಡೇ ಹೇಳತೊಡಗಿದ. ಕೂಟದಲ್ಲಿ ಯಾರೋ ಹಳೆಯ ವಿಡಿಯೋ ಹಾಕಿದರಂತೆ, ಅವನ ಹಳೆಯ ವಾದ್ಯತಂಡದ ಕಟ್ಟಕಡೆಯ ಕಾರ್ಯಕ್ರಮದ್ದು. ಅದರಲ್ಲಿ ಗಿಟಾರಿನ ತಲೆ ಕನ್ನಡಿಯಂತೆ ಹೊಳೆಯುತ್ತಿತ್ತು, ಕಲೆಯೇ ಇರಲಿಲ್ಲ. ಮ್ಯೂಸಿಯಂನವರೂ ಅದನ್ನು ನೋಡಿ ಫೋನ್ ಮಾಡಿದ್ದರು. ವೇದಿಕೆಯ ಮೇಲೆ ಇದ್ದ ಹಾಗೇ ಇದ್ದರೆ ಮಾತ್ರ ತಗೊಳ್ಳುತ್ತಾರಂತೆ.

"ನಾನು ಜನ್ಮದಲ್ಲಿ ಸಿಗರೇಟು ಮುಟ್ಟಿಲ್ಲ ಕಣೋ, ಆಸ್ತಮಾ," ಎಂದ ರಸ್ಟಿ. "ತಂಡ ಒಡೆದ ಮೇಲೆ ಒಂದಿನ ಅಡುಗೆಮನೇಲಿ ಕೂದಲು ಗುಂಗುರು ಮಾಡ್ಕೋತಾ ಇದ್ದೆ. ಆ ಕೂದಲು ಸುತ್ತೋ ಬಿಸಿ ಕಬ್ಬಿಣಾನ ಮರೆತು ಗಿಟಾರ್ ತಲೆ ಮೇಲಿಟ್ಟೆ. ಯಾರಿಗೆ ಅಂತ ಹೇಳಲಿ ಅದನ್ನ? ಸಿಗರೇಟು ಅಂದೆ."

ರಸ್ಟಿ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಪುಣ್ಯಕ್ಕೆ ಮೇಲುಮೇಲಿನ ಕಲೆ. ಓಫೀಲಿಯಮ್ಮ, ನಿಮ್ಮ ಉಗುರು ಬಣ್ಣದಲ್ಲಿ ಬೆಳಿಗ್ಗೆಯೊಳಗೆ ಮುಚ್ಚಿಕೊಡೋಕಾಗುತ್ತಾ?"

"ಮುಚ್ಚಿದ್ದೆನಲ್ಲಪ್ಪ," ಎಂದರು ಓಫೀಲಿಯಮ್ಮ ಮುಗ್ಧವಾಗಿ. "ಇವತ್ತು ಬೆಳಿಗ್ಗೆನೇ."

ರಸ್ಟಿ ಮುಚ್ಚಳ ತೆಗೆದ. ಕಲೆಯ ಮೇಲೆ ಹೆಬ್ಬೆರಳಿಟ್ಟ. ಹೆಬ್ಬೆರಳು ಉಗುರಿನವರೆಗೂ ಒಳಗೆ ಹೋಯಿತು. ಅವನು ನಿಧಾನವಾಗಿ ತಲೆಯೆತ್ತಿ, ಮೊದಲ ಸಲ ಎಂಬಂತೆ ವೆಂಡೆಲ್‌ನ ಬೋಳು ಹುಬ್ಬುಗಳನ್ನು ನೋಡಿದ.

ಡಾರ್ಲಾ ಒಳಗೆ ಹೋಗಿ, ಅಟ್ಟದ ಮೇಲಿನ, ಮನೆ ಸಾಮಾನು ತುಂಬುವ ಖಾಲಿ ರಟ್ಟಿನ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದಳು.