ಎಲ್ಲರಿಗೂ ಪ್ರವೇಶ ನಿಷಿದ್ಧ

ತನ್ನ ಫೈಲುಗಳಿಗೆ ಯಾರೋ ಕೈ ಹಾಕಿದ್ದಾರೆ ಎಂಬುದು ಕನ್ನಡಕದಂಗಡಿಯ ಗುಮಾಸ್ತನಿಗೆ ಬೆಳಗಿನ ಕಾಫಿ ಆರುವ ಮುಂಚೆಯೇ ಗೊತ್ತಾಯಿತು. ಊರವರಿಗೆಲ್ಲ ದೃಷ್ಟಿ ಸರಿಮಾಡಿಕೊಡುವ ಮನುಷ್ಯನಿಗೆ ಸ್ವಂತ ಮನೆಯೊಳಗಿನ ಸಂಗತಿಯೊಂದು ಇಷ್ಟು ಬೇಗ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಗುಮಾಸ್ತನಿಗೆ ಮಿಮಿಕ್ರಿಯ ಹುಚ್ಚು. ಅಂಗಡಿ ಯಜಮಾನರ ಗೊಗ್ಗರು ದನಿ, ಮಾವನವರ ಮೂರು ಮಜಲಿನ ಸೀನು, ಪಕ್ಕದ ಮನೆಯ ನಿವೃತ್ತ ಲಿಫ್ಟ್ ಇನ್‌ಸ್ಪೆಕ್ಟರರ ಉಪದೇಶ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದವು. ದಿನಾ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಅವನ್ನೆಲ್ಲ ಧ್ವನಿಮುದ್ರಿಸಿ, ಮನೆಯ ಕಂಪ್ಯೂಟರಿನಲ್ಲಿ ಎಲ್ಲರೂ ಹಂಚಿಕೊಂಡಿದ್ದ ಫೋಲ್ಡರಿನಲ್ಲಿಡುತ್ತಿದ್ದ. ಆ ಫೋಲ್ಡರು ಒಂದು ಧರ್ಮಛತ್ರ. ಮಾವನವರ ರಕ್ತಪರೀಕ್ಷೆಯ ವರದಿ, ಭಾಮೈದನ ಸಿನಿಮಾ, ಶಾಲಾ ಪಾಠಗಳ ಧ್ವನಿ, ಎಲ್ಲದಕ್ಕೂ ಅಲ್ಲೇ ಜಾಗ. ಪಾಠದ ಮೇಷ್ಟರುಗಳ ಕೆಮ್ಮು, ಕ್ಯಾಕರಿಕೆ ತೆಗೆದು ಶುದ್ಧ ಮಾಡಿಕೊಡುವುದು ಹೆಂಡತಿಯ ಸಂಬಳದ ಕೆಲಸ. ಮನೆಯಲ್ಲೇ ಕೂತು ಮಾಡುತ್ತಿದ್ದಳು. ಒಂದೇ ವೈಫೈ ಹಂಚಿಕೊಂಡ ಸಂಬಂಧದಿಂದ ಪಕ್ಕದ ಮನೆಯ ಲಿಫ್ಟ್ ಸಾಹೇಬರಿಗೂ ಆ ಛತ್ರದಲ್ಲೊಂದು ಮೂಲೆ ಸಿಕ್ಕಿತ್ತು.

ಅಂದು ಸಂಜೆ ಆರರೊಳಗೆ ರೇಡಿಯೋದವರ ಮಿಮಿಕ್ರಿ ಸ್ಪರ್ಧೆಗೆ ಹತ್ತು ನಿಮಿಷದ ಪೂರ್ತಿ ಪ್ರದರ್ಶನ ಕಳಿಸಬೇಕಿತ್ತು. ಗೆದ್ದರೆ ಭಾನುವಾರ ನೇರಪ್ರಸಾರ. ಹಿಂದಿನ ಸಂಜೆಯೇ ಕೂತು, ಊಟದ ಹೊತ್ತು ಮೀರುವವರೆಗೂ ತುಂಡುತುಂಡಾಗಿ ಮುದ್ರಿಸಿಟ್ಟಿದ್ದ. ಮರಳಿ ಕೇಳುವ ಗೋಜಿಗೆ ಹೋಗಿರಲಿಲ್ಲ. ಇತ್ತೀಚೆಗೆ ಅವನ ಕಂಠ ಹಾಗೆ ತಿಳಿಯಾಗಿತ್ತು! ಮುದ್ರಿಸುವಾಗ ಕೆಮ್ಮಿದ ನೆನಪಿದ್ದರೂ ಮಾರನೆಯ ದಿನ ಕೇಳಿದರೆ ಕೆಮ್ಮೇ ಇಲ್ಲ. ‘ಸಾಧನೆ ಅಂದ್ರೆ ಇದು’ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

“ಯಾರು ಇದನ್ನ ಮುಟ್ಟಿದ್ದು? ನಾನು ಅಂಗಡೀಲಿದ್ದಾಗ ಹಳೇ ಫೈಲೆಲ್ಲ ಬದಲಾಗಿದೆ ಅಂತ ತೋರಿಸ್ತಿದೆ!”

“ನಾನಲ್ಲ ಅಳಿಯಂದ್ರೇ,” ಎಂದರು ಮಾವನವರು. “ನಂಗೆ ಟೀವಿ ಹಚ್ಚೋಕೇ ಇನ್ನೊಬ್ರು ಬೇಕು.”

“ಹಾಗಾದ್ರೆ ಆ ಲಿಫ್ಟ್ ಸಾಹೇಬನೇ. ನನ್ನ ಕಲೆ ಕದ್ದು ಮೇಲೆ ಹೋಗೋಣ ಅಂತ!”

ಹೆಂಡತಿ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. “ರೀ, ಅದು...”

“ಸುಮ್ನಿರು, ನಿಂಗಿದೆಲ್ಲ ತಿಳಿಯೋದಿಲ್ಲ.”

“ಇವತ್ತು ಒಂದರ್ಧ ಗಂಟೆ ನಂಗೆ ಆ ಫೋಲ್ಡರ್...”

“ಇವತ್ತು ಯಾರಿಗೂ ಇಲ್ಲ!”

ಅವಳು ಲ್ಯಾಪ್‌ಟಾಪನ್ನು ಮುಚ್ಚಿದಳು.

ಗುಮಾಸ್ತ ಕಂಪ್ಯೂಟರಿನೊಳಗೆ ಹುಡುಕಿ ಹುಡುಕಿ, ಯಾರ್‍ಯಾರು ಒಳಗೆ ಬರಬಹುದು ಎಂದು ತೋರಿಸುವ ಕಿಟಕಿ ತೆರೆದ. ಮನೆಯವರ ಹೆಸರುಗಳೆಲ್ಲ ಸಾಲಾಗಿ ನಿಂತಿದ್ದವು. ಒಬ್ಬೊಬ್ಬರನ್ನೇ ಹೊರಗೆ ದಬ್ಬುವಷ್ಟು ತಾಳ್ಮೆ ಯಾರಿಗಿದೆ? ಎಲ್ಲಕ್ಕಿಂತ ಮೇಲೆ ‘ಎಲ್ಲರೂ’ ಎಂಬ ಹೆಸರಿತ್ತು. ಅದರ ಮುಂದೆ ‘ನಿರಾಕರಿಸು’ ಎಂದು ಗುರುತು ಹಾಕಿ, ಬೀಗ ಹಾಕಿ ಬೀಗುತ್ತಾ ಕಾಫಿಗೆ ಕೈ ಚಾಚಿದ.

ಕಾಫಿ ಕುಡಿದು ಫೋಲ್ಡರ್ ತೆರೆದರೆ: ನಿಮಗೆ ಅನುಮತಿ ಇಲ್ಲ. ಮಾಲೀಕರನ್ನು ಸಂಪರ್ಕಿಸಿ.

“ಮಾಲೀಕ ನಾನೇ ಕಣೋ!” ಎಂದು ಪರದೆಗೆ ಗದರಿದ. ಮಾಡಿದ ಗುರುತನ್ನು ಅಳಿಸಲು ಹೋದರೆ ಅದಕ್ಕೂ ಅನುಮತಿಯಿಲ್ಲ. ಕೊನೆಗೆ ಕಂಪ್ಯೂಟರನ್ನು ಕೂರಿಸಿಕೊಟ್ಟಿದ್ದ ಭಾಮೈದನಿಗೆ, ಅವನ ಮೊಬೈಲ್ ರಿಪೇರಿ ಅಂಗಡಿಗೇ, ಫೋನು ಹಚ್ಚಿದ.

“ಭಾವ, ‘ಎಲ್ಲರೂ’ ಮುಂದೆ ಬೇಡ ಅಂತ ಹಾಕಿದ್ರಾ?”

“ಹೌದಪ್ಪ. ಎಲ್ಲರಿಗೂ ಬೇಡ. ನಂಗೆ ಬೇಕು.”

“ಅಕ್ಕ ‘ಎಲ್ಲರೂ ಊಟಕ್ಕೆ ಬನ್ನಿ’ ಅಂದ್ರೆ ನೀವೂ ಬರ್ತೀರಿ ತಾನೆ? ಕಂಪ್ಯೂಟರ್ ಲೆಕ್ಕದಲ್ಲೂ ಹಾಗೇ. ಸಂಜೆ ಬಂದು ನನ್ನ ಪಾಸ್‌ವರ್ಡ್ ಹಾಕಿ ಬಿಡಿಸ್ತೀನಿ. ಅಲ್ಲೀವರೆಗೆ ದಮ್ಮಯ್ಯ, ಏನೂ ಮುಟ್ಟಬೇಡಿ.”

ಅಷ್ಟರಲ್ಲಿ ಲಿಫ್ಟ್ ಸಾಹೇಬರು ಬಾಗಿಲಲ್ಲಿ ಪ್ರತ್ಯಕ್ಷರಾದರು. “ಏನ್ ಸ್ವಾಮಿ, ನನ್ನ ಹಾಡುಗಳೆಲ್ಲ ನಿಮ್ಮ ಫೋಲ್ಡರಲ್ಲಿದ್ವು, ಒಂದೂ ಏಳ್ತಾ ಇಲ್ಲ?” ವಿಷಯ ತಿಳಿದು ನಕ್ಕರು. “ಇಷ್ಟೇನಾ! ನಿಂತುಹೋದ ಯಂತ್ರಕ್ಕೆ ಒಂದೇ ಮದ್ದು. ಆರಿಸಿ, ಹಚ್ಚಿ.”

“ಅಯ್ಯೋ ಬೇಡ ಸಾರ್...” ಎನ್ನುವುದರೊಳಗೆ ಸಾಹೇಬರು ಹಳೇ ಅಭ್ಯಾಸದಂತೆ ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಎಳೆದು ಮತ್ತೆ ತಳ್ಳಿದ್ದರು. ಎಚ್ಚರಗೊಂಡ ಕಂಪ್ಯೂಟರ್, ತಾನೀಗ ಹೊಸದಾಗಿ ಸಜ್ಜಾಗುತ್ತಿದ್ದೇನೆ, ದಯವಿಟ್ಟು ಆರಿಸಬೇಡಿ ಎಂದು ಹೇಳಿ, ಒಂದು ಬಿಳಿ ಉಂಗುರವನ್ನು ಗಾಣದೆತ್ತಿನಂತೆ ಸುತ್ತಿಸತೊಡಗಿತು. ಮಧ್ಯಾಹ್ನವೆಲ್ಲ ಅದು ಸುತ್ತಿತು. ಅದರೆದುರು ಗುಮಾಸ್ತನ ತಲೆಯೂ ಸುತ್ತಿತು.

“ಬಾಗಿಲು ಹಾಕೋವಾಗ ತಾನು ಯಾವ ಕಡೆ ನಿಂತಿದೀನಿ ಅಂತ ನೋಡ್ಕೋಬೇಕು,” ಎಂದು ಮಾವನವರು ಸೀನಿದರು. ಮೂರೂ ಮಜಲು.

ಭಾಮೈದ ಬಂದು ಬೀಗ ಬಿಡಿಸಿದಾಗ ಆರಕ್ಕೆ ಹದಿನೈದೇ ನಿಮಿಷ. ಗುಮಾಸ್ತ ತನ್ನ ಪ್ರದರ್ಶನ ಹಾಕಿ ಕಿವಿಗೊಟ್ಟ. ಯಜಮಾನರ ದನಿಯ ನಡುವೆ ಕೆಮ್ಮು. ಸೀನಿನ ನಡುವೆ ಫ್ಯಾನಿನ ಕಿರಕಿರ. ಅದೆಲ್ಲದರ ಹಿಂದೆ, ಬಾಗಿಲಾಚೆಯಿಂದ, ಒಂದು ಹೆಣ್ಣುದನಿ: “ರೀ, ಊಟಕ್ಕೆ ಬನ್ನಿ.” ಸ್ವಲ್ಪ ಬಿಟ್ಟು: “ರೀ, ಆರಿಹೋಗ್ತಿದೆ.” ಕಡೆಯಲ್ಲಿ, ಇನ್ನೂ ಮೆತ್ತಗೆ: “ನಮ್ಮದಾಯ್ತು. ಮುಚ್ಚಿಟ್ಟಿದ್ದೀನಿ.”

“ಯಾವನೋ ಹಾಳುಮಾಡಿದ್ದಾನೆ!”

“ಯಾರೂ ಮಾಡಿಲ್ಲ,” ಎಂದಳು ಹೆಂಡತಿ. “ನಿಮ್ಮದು ಯಾವಾಗ್ಲೂ ಹೀಗೇ ಇರುತ್ತೆ. ಕೆಮ್ಮು, ಫ್ಯಾನು, ನಾನು ಕರೆಯೋದು, ದಿನಾ ನಾನೇ ಅಳಿಸಿಡ್ತಿದ್ದೆ. ಇದೊಂದು ಇವತ್ತಿಗೆ ಉಳಿದಿತ್ತು.”

“ಮೊದ್ಲೇ ಹೇಳೋದಲ್ವಾ?”

“ಹೇಳೋಕೇ ಬಂದೆ.”

ಅರ್ಧ ಗಂಟೆಯ ಕೆಲಸ. ಉಳಿದದ್ದು ಐದು ನಿಮಿಷ. ಇದ್ದದ್ದನ್ನು ಇದ್ದ ಹಾಗೇ ಕಳಿಸಿದ.

ಊಟದ ಹೊತ್ತಿಗೆ ರೇಡಿಯೋದವರ ಫೋನು ಬಂತು. “ನಿಮ್ಮ ಅಂಗಡಿ ಯಜಮಾನರ ದನಿ ಪರವಾಗಿಲ್ಲ. ಸೀನು ಎಲ್ಲರೂ ಮಾಡ್ತಾರೆ. ಆದ್ರೆ ನೀವು ಮಾಡಿದ ಆ ಹೆಂಡತಿ ದನಿ ಇದೆಯಲ್ಲ ಸಾರ್, ಕರೆದೂ ಕರೆದೂ ಸೋತದ್ದು! ನಮ್ಮಲ್ಲಿ ಕಣ್ಣೊರೆಸ್ಕೊಂಡ್ರು. ಭಾನುವಾರ ಬನ್ನಿ, ಅದೊಂದನ್ನೇ ಮಾಡಿ.”

“ಅದು... ಅದು ನಾನು...”

“ಇಷ್ಟು ವಿನಯ ಒಳ್ಳೇದಲ್ಲ ಸಾರ್,” ಎಂದು ಫೋನಿಟ್ಟರು.

ಗುಮಾಸ್ತ ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿದ. “ರೀ, ಊಟಕ್ಕೆ ಬನ್ನಿ.” ಶೀತವಾದ ಯಜಮಾನರೇ ಕರೆದಂತಾಯಿತು. ಇನ್ನೊಮ್ಮೆ ಅಂದ. ಲಿಫ್ಟ್ ಸಾಹೇಬರ ದನಿ ಬಂತು. ಇಷ್ಟು ವರ್ಷ ಊರವರ ದನಿಯನ್ನೆಲ್ಲ ಹೊತ್ತು ತಿರುಗಿದ ಗಂಟಲಿಗೆ ಆ ಒಂದು ದನಿಯ ಪರಿಚಯವೇ ಇರಲಿಲ್ಲ.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. “ಒಂದೇ ಒಂದ್ಸಲ ಕರಿ. ನಿನ್ನೆ ಕರೆದ ಹಾಗೇ.”

“ನಿನ್ನೆ ಕರೆದಾಗ ನೀವೆಲ್ಲಿದ್ರಿ?”

“ಕೋಣೇಲಿ.”

“ಹಾಗಾದ್ರೆ ಅಲ್ಲೇ ಹೋಗಿ ಕೂತ್ಕೊಳ್ಳಿ.”

ಹೋಗಿ ಕೂತ. ಈ ಸಲ ಬಾಗಿಲು ಹಾಕಲಿಲ್ಲ. ಫ್ಯಾನು ನಿಲ್ಲಿಸಿ, ಮೈಕು ಹಚ್ಚಿ, ಕೆಮ್ಮು ಬಂದರೂ ನುಂಗಿಕೊಂಡು ಕಾದ. ತಟ್ಟೆಗಳ ಸದ್ದು ಕೇಳಿಸಿತು. ಮಾವನವರ ಸೀನು, ಭಾಮೈದನ ನಗು, ಸಮಾಧಾನ ಹೇಳಲು ಬಂದು ಊಟಕ್ಕೂ ಕೂತ ಲಿಫ್ಟ್ ಸಾಹೇಬರ “ಸಾಕು ತಾಯಿ, ಇನ್ನೊಂಚೂರು ಹಾಕಿ”, ಆಮೇಲೆ ನಲ್ಲಿಯ ನೀರು, ತೊಳೆದ ತಟ್ಟೆಗಳನ್ನು ಒಂದರ ಮೇಲೊಂದಿಡುವ ಸದ್ದು. ಆ ಕರೆಯೊಂದನ್ನು ಬಿಟ್ಟು ಎಲ್ಲವೂ ಬಹಳ ಶುದ್ಧವಾಗಿ ಮುದ್ರಣವಾದವು.

“ಎಲ್ಲರದೂ ಆಯ್ತಲ್ವಾ?” ಎಂದು ಹೆಂಡತಿ ಕೇಳಿದ್ದೂ ಮುದ್ರಣವಾಯಿತು.

“ಹ್ಞೂಂ ಮಗಳೇ,” ಎಂದರು ಮಾವನವರು. “ಎಲ್ಲರದೂ ಆಯ್ತು.”

ಅಡುಗೆಮನೆಯ ದೀಪ ಆರಿತು.