ಐಸಿನ ಮೀನಿನ ಮೆಷೀನು

ಅರವತ್ತೆರಡರ ಆ ಭಾನುವಾರ ಬೆಳಗ್ಗೆ ಎಂಟು ಗಂಟೆಯವರೆಗೂ ಅದು ರೇಡಿಯೋ ಆಗಿತ್ತು. ಯಾದವಗಿರಿಯ ಬಂಗಲೆ ಖಾಲಿ ಮಾಡಿ ಕೆನಡಾಕ್ಕೆ ಹೊರಟ ಇಂಜಿನಿಯರ್ ದೊರೆಯ ಸಾಮಾನು ಹರಾಜಿನಲ್ಲಿ ಗುಮಾಸ್ತ ರುದ್ರಸ್ವಾಮಿ ಹಿಡಿದು ತಂದ ಹಸಿರು ಡಬ್ಬ. ದುಂಡನೆಯ ಮುಖ, ಅದರೊಳಗೊಂದು ಕೆಂಪು ದೀಪ. ಕೊಟ್ಟದ್ದು ಐವತ್ತು ರೂಪಾಯಿ, ಅದೂ ಹೆಂಡತಿ ಗಿರಿಜಾಂಬಾ ಹಾಲು ಮಾರಿ ಕೂಡಿಟ್ಟದ್ದು.

ಪಕ್ಕದ ಮನೆಯ ರಿಟೈರ್ಡ್ ಸೈನ್ಸ್ ಮೇಷ್ಟ್ರು ಶಾಮಣ್ಣನವರು ಕರೆಯದೆಯೇ ಬಂದು, ಡಬ್ಬದ ಜೊತೆಗಿದ್ದ ಇಂಗ್ಲಿಷ್ ಪುಸ್ತಕ ಓದಿ ಹೇಳಿದರು. ಚಳಿ ದೇಶದಲ್ಲಿ ಕೆರೆ ಹೆಪ್ಪುಗಟ್ಟಿ ಐಸಾಗುತ್ತದೆ. ಐಸಿಗೆ ತೂತು ಕೊರೆದು ಇದರ ವೈರು ಇಳಿಬಿಟ್ಟರೆ, ಮೀನು ಎಷ್ಟು ಆಳದಲ್ಲಿದೆ ಎಂದು ಕೆಂಪು ದೀಪ ತೋರಿಸುತ್ತದೆ. ಮೀನು ಎಂಬ ಮಾತು ಅಡುಗೆಮನೆ ಮುಟ್ಟಿದ್ದೇ ತಡ, ಮೂರು ಹೊತ್ತು ಲಿಂಗಪೂಜೆ ಮಾಡುವ ಗಿರಿಜಾಂಬಾ ಹೊರಗೆ ಬಂದಳು. ದೀಪ ಹಚ್ಚುವುದರೊಳಗೆ ಡಬ್ಬ ಆಚೆ ಹೋಗಬೇಕು, ತನ್ನ ಐವತ್ತು ರೂಪಾಯಿ ಕೈಗೆ ಬರಬೇಕು, ಅಲ್ಲಿಯವರೆಗೆ ಒಲೆ ಹೊತ್ತಿಸುವುದಿಲ್ಲ ಎಂದಳು.

ರುದ್ರಸ್ವಾಮಿ ಅರವತ್ತು ರೂಪಾಯಿ ಬೆಲೆ ಕಟ್ಟಿ ಡಬ್ಬವನ್ನು ಜಗುಲಿಯಲ್ಲಿಟ್ಟ. ಐಸಿನ ಮೆಷೀನು ಎಂದು ಕೇಳಿ ಐಸ್‌ಕ್ಯಾಂಡಿ ಮಾಡುವ ಪ್ರಭುಸ್ವಾಮಿ ಸೈಕಲ್ ತುಳಿದು ಬಂದ. ಇದರಲ್ಲಿ ಐಸಾಗುವುದಿಲ್ಲ ಎಂದು ಶಾಮಣ್ಣನವರು ಬೇಲಿಯಾಚೆಯಿಂದಲೇ ಹೇಳಿಬಿಟ್ಟರು. ಮಂಗಳೂರಿನಿಂದ ಐಸಿನಲ್ಲಿ ಮೀನು ತರಿಸಿ ಮಾರುವವನೊಬ್ಬ, ಇದು ಕೊಳೆತ ಮೀನು ಪತ್ತೆ ಹಚ್ಚುವ ಯಂತ್ರವೆಂದು ನಂಬಿ ನೋಟು ಎಣಿಸುತ್ತಿದ್ದ. ಅವನಿಗೂ ಪಾಠ ಹೇಳಿ ಕಳಿಸಿದರು. ಜೊತೆಗೆ, ಇವರು ಕೊಂಡದ್ದೇ ಐವತ್ತಕ್ಕೆ ಅಂತ ಬೇರೆ. ಹೊಟ್ಟೆ ಹಸಿದಿತ್ತು, ಸಿಟ್ಟು ನೆತ್ತಿಗೇರಿತ್ತು. ಈ ಮನುಷ್ಯನ ನಾಲಗೆಗೆ ಬೀಗ ಸಿಕ್ಕಿದ್ದರೆ ರುದ್ರಸ್ವಾಮಿ ಸಾಲ ಮಾಡಿಯಾದರೂ ಕೊಳ್ಳುತ್ತಿದ್ದ.

ಸಂಜೆ ನಾಲ್ಕಕ್ಕೆ ಇಲವಾಲದ ದನದ ದಲ್ಲಾಳಿ ಕೆಂಪಯ್ಯ ಗಾಡಿಯಲ್ಲಿ ಬಂದ. ಕೆರೆ ಗುತ್ತಿಗೆ ಹಿಡಿದ ಭಾವಮೈದುನನಿಗೆ ಡಬ್ಬ ಬೇಕಂತೆ. ರುದ್ರಸ್ವಾಮಿಗೆ ಥಟ್ಟನೆ ಹೊಳೆಯಿತು. ದನದ ವ್ಯಾಪಾರ ನಡೆಯುವುದು ಟವೆಲಿನ ಕೆಳಗೆ, ಬೆರಳು ಹಿಡಿದು. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯದು. ಹಾಗೇ ಮಾಡೋಣ, ಟವೆಲು ಹಾಕು ಎಂದ. ಅಷ್ಟರಲ್ಲಿ ಶಾಮಣ್ಣನವರು ಗೇಟು ತೆಗೆದು ಒಳಗೇ ಬಂದರು.

“ಬಾಯಿ ಮುಚ್ಕೊಂಡು ಆಚೆ ನಡೀರಿ ಮೇಷ್ಟ್ರೇ. ಬೆಳಗ್ಗಿಂದ ನನ್ನ ಹೊಟ್ಟೆ ಮೇಲೆ ಹೊಡೆದದ್ದು ಸಾಕು,” ಎಂದು ಗುಡುಗಿ, ರುದ್ರಸ್ವಾಮಿ ಅವರನ್ನು ರಸ್ತೆಯವರೆಗೂ ಅಟ್ಟಿ ಬಂದ.

ಟವೆಲಿನ ಕೆಳಗೆ ಕೆಂಪಯ್ಯ ಮೂರು ಬೆರಳು ಹಿಡಿದ. ರುದ್ರಸ್ವಾಮಿ ಕೈ ಕೊಡವಿದ. ನಾಲ್ಕು ಹಿಡಿದ. ಮತ್ತೆ ಕೊಡವಿದ. ಐದೂ ಬೆರಳು ಹಿಡಿದಾಗ, ಗೆದ್ದೆನೆಂದು ಗಟ್ಟಿಯಾಗಿ ಅದುಮಿದ. ಕೆಂಪಯ್ಯ ಡಬ್ಬವನ್ನು ಹೆಗಲಿಗೇರಿಸಿ ಐದು ರೂಪಾಯಿಯ ಒಂದು ನೋಟು ಕೊಟ್ಟ.

“ಐವತ್ತಲ್ವೇನಯ್ಯಾ?”

“ಕೈ ಇಕ್ಕೋಕ್ ಮುಂಚೆ ಹತ್ತರ ಲೆಕ್ಕ ಅಂತ ಬಾಯಲ್ಲಿ ಯೋಳ್ಬೇಕು ಸ್ವಾಮಿ. ಯೋಳ್ದೆ ಇದ್ರೆ ಒಂದರ ಲೆಕ್ಕವೇಯ, ಅದುಮಿದ್ ಮ್ಯಾಕೆ ಯಾಪಾರ ಮುಗೀತು. ನೀವು ಯೋಳಿದ್ದ ಕೇಳ್ದೋರು ಇದ್ರೆ ಕರೀರಿ.”

ಸುಳ್ಳಾದರೂ ಒಂದು ಸಾಕ್ಷಿ ನುಡಿಯಬಹುದಾಗಿದ್ದ ಒಬ್ಬನೇ ಮನುಷ್ಯನನ್ನು ರುದ್ರಸ್ವಾಮಿ ತಾನೇ ರಸ್ತೆಗೆ ಅಟ್ಟಿದ್ದ. ಕೆಂಪಯ್ಯನ ಗಾಡಿ ತಿರುವು ದಾಟಿದ ಮೇಲೆ ಶಾಮಣ್ಣನವರು ಮೆಲ್ಲನೆ ಒಳಗೆ ಬಂದರು. ಕಾಲೇಜಿನ ಲ್ಯಾಬಿನಲ್ಲಿರುವ ಅಳಿಯ ಡಬ್ಬ ಬೇಕೇ ಬೇಕು ಎಂದಿದ್ದನಂತೆ. ಅವನು ದುಡ್ಡು ತಂದುಕೊಡುವವರೆಗೆ ಕೈತಪ್ಪಿ ಹೋಗದಿರಲೆಂದೇ ಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದ್ದರಂತೆ. ಅವರ ಕೈಯಲ್ಲಿ ಅರವತ್ತು ರೂಪಾಯಿ ಇತ್ತು.

“ಅದನ್ನೇ ಹೇಳೋಕೆ ಬಂದೆ ಕಣ್ರೀ. ನೀವು ಮಾತಾಡೋಕೇ ಬಿಡ್ಲಿಲ್ಲ.”

ಇನ್ನು ಯಾರ ಮೇಲೆ ರೇಗಬೇಕೋ ರುದ್ರಸ್ವಾಮಿಗೆ ತಿಳಿಯಲಿಲ್ಲ. ತನ್ನ ತಲೆಯನ್ನೇ ಎರಡು ಸಲ ಚಚ್ಚಿಕೊಂಡು ಒಳಕ್ಕೆ ತಿರುಗಿದ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಗಿರಿಜಾಂಬಾ ಐದೂ ಬೆರಳು ಅಗಲಿಸಿ, ಹೊಸಿಲ ಮೇಲೆ ಕೈ ಚಾಚಿ ನಿಂತಿದ್ದಳು.

“ನಂದು ಹತ್ತರ ಲೆಕ್ಕ,” ಅಂದಳು.