ಕಣ್ಣು ಮುಚ್ಚಿದರೆ ಮಲಪ್ರಭೆ

“ಕಣ್ಣು ತಗೀರಿ ಅಂದ್ರ! ಮಂದಿ ನೋಡಾಕತ್ತಾರ.”

“ತಗ್ಯಾಂಗಿಲ್ಲ. ನಾ ಈಗ ಇಲ್ಲಿಲ್ಲ.”

ಸಂಗೊಳ್ಳಿಯ ಚಾವಡಿಯಲ್ಲಿ ಪ್ಲೇಗಿನ ಸೂಜಿ ಹಾಕಿಸಿಕೊಳ್ಳುವವರ ಸಾಲು ನಿಂತಿತ್ತು. ಓಣಿಯಲ್ಲಿ ಎರಡು ಮನೆಗೆ ಬೀಗ ಬಿದ್ದ ಮೇಲೆ ರಾಯವ್ವ ಗಂಡ ಉಳವಪ್ಪನನ್ನು ಹೊಲದ ಗುಡಿಸಲಿನಿಂದ ಎಳೆದು ತಂದಿದ್ದಳು. ಹೋರಿಯ ಕೊಂಬು ಹಿಡಿದು ನಿಲ್ಲಿಸುವ ಆಸಾಮಿಗೆ ಸೂಜಿಯೆಂದರೆ ಅಂಗೈ ಬೆವರುತ್ತಿತ್ತು. ಮಠದ ಗಂಗಯ್ಯನವರು ಅದಕ್ಕೊಂದು ಉಪಾಯ ಹೇಳಿಕೊಟ್ಟಿದ್ದರು: ಕಣ್ಣು ಮುಚ್ಚು, ಮನಸ್ಸಿಗೆ ತಂಪೆನಿಸುವ ಜಾಗವನ್ನು ಕಣ್ಮುಂದೆ ತಂದುಕೊ, ಅಲ್ಲೇ ಹೋಗಿ ಕೂತುಬಿಡು, ಎದೆಬಡಿತ ತಾನೇ ಇಳಿಯುತ್ತದೆ.

ರಾಯವ್ವ: ಇಲ್ಲಿಲ್ಲಂದ್ರ ಎಲ್ಲಿ ಅದೀರಿ?

ಉಳವಪ್ಪ: ಮಲಪ್ರಭಾ ಹೊಳಿ ದಂಡಿಗೆ. ನೀರಾಗ ಕಾಲು ಇಳಿಬಿಟ್ಟು ಕುಂತೇನಿ.

ರಾಯವ್ವ: ಹೊಳಿ ಇಲ್ಲೇ ಊರ ಬಾಜೂಕ ಐತಿ. ಅದನ್ನ ನೋಡಾಕ ಕಣ್ಣು ಯಾಕ ಮುಚ್ಚಬೇಕು?

ಉಳವಪ್ಪ: ಆ ಹೊಳಿಗೆ ಹ್ವಾದ್ರ ನೀ ಎಳಕೊಂಡು ಬರತಿ. ಇಲ್ಲಿಗೆ ಬರಾಕ ನಿನಗ ಹಾದಿ ಗೊತ್ತಿಲ್ಲ.

ಸಾಲು ಮುಂದೆ ಸರಿಯಿತು. ರಾಯವ್ವ ಕುರುಡನನ್ನು ನಡೆಸಿದಂತೆ ಅವನ ತೋಳು ಹಿಡಿದು ನಡೆಸಿದಳು.

ರಾಯವ್ವ: ಒಬ್ಬರ ಕುಂತೀರೇನು? ನಾ ಎಲ್ಲಿ ಅದೀನಿ?

ಉಳವಪ್ಪ: ಮನ್ಯಾಗ.

ರಾಯವ್ವ: ಏನ್ ಮಾಡಾಕತ್ತೀನಿ?

ಉಳವಪ್ಪ: ರೊಟ್ಟಿ.

ರಾಯವ್ವ: ಹೌದೌದು! ಮನಸಿನ್ಯಾಗೂ ನಾನ ರೊಟ್ಟಿ ಬಡೀಬೇಕು, ನೀವು ಕಾಲು ಇಳಿಬಿಟ್ಟು ಕುಂಡ್ರಬೇಕು! ನನ್ನೂ ಕರಕೊಂಡು ಹೋಗ್ರಿ.

ಉಳವಪ್ಪ: ಆತು, ಬಾ. ಬಂದಿ, ಕುಂತಿ. ಇನ್ನ ಸುಮ್ಮನಿರು.

ರಾಯವ್ವ: ಯಾವ ಸೀರಿ ಉಟ್ಟೀನಿ?

ಉಳವಪ್ಪ: ಯಾವುದೋ ಒಂದು… ಹಸರು.

ರಾಯವ್ವ: ಹಸರು ನಿಮ್ಮ ಅಕ್ಕಂದು! ನನ್ನ ಹಂತ್ಯಾಕ ಹಸರು ಸೀರಿನ ಇಲ್ಲ. ಆಕಿ ಯಾಕ ಬಂದ್ಲು ಅಲ್ಲಿ?

ಉಳವಪ್ಪ: ಆಕಿ ಬಂದಿಲ್ಲ.

ರಾಯವ್ವ: ಹಂಗಾರ ಆಕಿ ಸೀರಿ ಹೆಂಗ ಬಂತು?

ಉಳವಪ್ಪನ ಹೊಳೆಯಲ್ಲಿ ತಂಪು ಗಾಳಿ ಅಲ್ಲಿಗೇ ನಿಂತಿತು. ಬೇಡವೆಂದರೂ ಅಕ್ಕ ಬಂದೇ ಬಿಟ್ಟಳು. ಅತ್ತಿಗೆ ನಾದಿನಿಯರಿಬ್ಬರೂ ಸೆರಗು ಸಿಕ್ಕಿಸಿ ದಂಡೆಯ ಮೇಲೆ ಜಗಳಕ್ಕೆ ನಿಂತರು.

“ಇಬ್ಬರೂ ಎದ್ದು ಮನಿಗೆ ನಡೀರಿ! ಹೊಳಿ ನಂದು!” ಎಂದು ಅವನು ಚಾವಡಿ ನಡುಗುವಂತೆ ಒದರಿದ.

“ಆತು, ಏಳ್ರಿ,” ಎಂದಿತು ಯಾರದೋ ದನಿ.

ಕಣ್ಣು ತೆರೆದರೆ ಎದುರಿಗೆ ಬೆಳಗಾವಿಯಿಂದ ಬಂದ ಡಾಕ್ಟರು. ತನ್ನ ತೋಳಿನ ಮೇಲೊಂದು ರಕ್ತದ ಹನಿ. ತಾನು ಯಾವಾಗ ಅವರ ಮುಂದೆ ಕೂತೆನೆಂಬುದೇ ಅವನಿಗೆ ತಿಳಿಯಲಿಲ್ಲ.

ಉಳವಪ್ಪ: ಚುಚ್ಚಿದ್ರೇನ್ರಿ ಡಾಕ್ಟರ? (ಹೆಂಡತಿಯತ್ತ ತಿರುಗಿ) ನೋಡಿದ್ಯಾ, ಇದು ಗಂಗಯ್ಯನವರ ಉಪಾಯ!

ರಾಯವ್ವ: ಅವರದೇನೈತಿ ಇದರಾಗ? ಜಗಳಾ ತಗದಾಕಿ ನಾನು.

“ತಂಗಿ, ನೀವು ಕೂಡ್ರಿ,” ಎಂದರು ಡಾಕ್ಟರು.

ರಾಯವ್ವನ ಮುಖದ ಬಣ್ಣ ಇಳಿಯಿತು. ಗಂಡನನ್ನು ಇಲ್ಲಿಯತನಕ ಎಳೆದು ತಂದ ಕೈ ಈಗ ಅವನ ಧೋತರದ ಚುಂಗನ್ನು ಬಿಡದೆ ಹಿಡಿದಿತ್ತು. ತಾನೊಬ್ಬನೇ ಹೆದರುಪುಕ್ಕನೆಂದು ತಿಳಿದಿದ್ದ ಉಳವಪ್ಪನಿಗೆ ಅಯ್ಯೋ ಎನಿಸಿತು. ಬಗ್ಗಿ ಅವಳ ಕಿವಿಯಲ್ಲಿ ಹೇಳಿದ:

“ಹೆದರಬ್ಯಾಡ. ಕಣ್ಣು ಮುಚ್ಚಿ ಮನಸಿಗೆ ತಂಪು ಅನ್ನಿಸೂದು ಯಾವುದಾರ ಒಂದು ನೋಡು.”

ಅವಳು ಕಣ್ಣು ಮುಚ್ಚಿದಳು. ಗಂಟಿಕ್ಕಿದ್ದ ಹುಬ್ಬು ಮೆಲ್ಲಗೆ ಸಡಿಲಾಯಿತು, ತುಟಿಯ ಮೇಲೆ ನಗೆಯೂ ಮೂಡಿತು. ಸೂಜಿ ಹೋದದ್ದು, ಬಂದದ್ದು ಒಂದೂ ಅವಳಿಗೆ ಗೊತ್ತಾಗಲಿಲ್ಲ.

ಉಳವಪ್ಪ: ಏನ್ ಕಂಡಿ? ತವರುಮನ್ಯೇನು?

ರಾಯವ್ವ: ಇಲ್ಲರೀ. ನಿಮಗ ಸೂಜಿ ಚುಚ್ಚಿದ್ದು. ಎರಡೆರಡು ಸಲ ನೋಡಿದೆ. ಭಾಳ ಸಮಾಧಾನ ಆತು.